ಯೇಸುವಿನ ಮನೆಯವರು ಗುಟ್ಟಾಗೇನೂ ಇರ್ಲಿಲ್ಲ

(ಓದುಗರ ಕೂಟದಲ್ಲಿ ಮಾತಾಡಿದ್ದನ್ನ ರೆಕಾರ್ಡಿಂಗ್ ಕೇಳ್ಕೊಂಡು ಬರೆದದ್ದು. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ವಿಷಯ ಏನು ಅಂತ ತಿಳ್ಕೊಂಡೇ ಬಂದಿದೀರಿ. ಯೇಸು ತಮ್ಮ ಶಿಷ್ಯೆ ಮಗ್ದಲದ ಮರಿಯಳನ್ನ ಮದುವೆ ಆಗಿದ್ರು, ಅವರಿಗೆ ಮಗು ಇತ್ತು, ಶಿಲುಬೆಯ ನಂತರ ಆಕೆ ದೋಣಿ ಹತ್ತಿ ಫ್ರಾನ್ಸಿನ ದಕ್ಷಿಣ ತೀರಕ್ಕೆ ಬಂದ್ಲು, ಆ ಸಂತಾನ ಮುಂದೆ ಹಳೇ ಫ್ರಾನ್ಸನ್ನ ಆಳಿದ ಮೆರೊವಿಂಜಿಯನ್ ರಾಜರ ಮನೆತನದ ಜೊತೆ ಬೆರೀತು, ಚರ್ಚು ಇದನ್ನೆಲ್ಲ ಮುಚ್ಚಿಟ್ಟಿತು, ಒಂದು ಗುಪ್ತ ಸಂಘ ಮಾತ್ರ ಆ ವಂಶವನ್ನ ಕಾಪಾಡ್ಕೊಂಡು ಬಂತು. ಈ ಕತೆ ಕಾದಂಬರಿಯಾಗಿ, ಸಿನಿಮಾ ಆಗಿ, ಈಗ ರೀಲ್ಸ್ ಆಗಿ ಎಲ್ರ ಮನೆ ಸೇರಿದೆ. ನಾನಿವತ್ತು ಎರಡು ವಿಷಯ ಹೇಳ್ಬೇಕು ಅಂತ ಬಂದಿದೀನಿ. ಒಂದು, ಈ ಕತೆ ಎಲ್ಲಿ ಹುಟ್ಟಿತು, ಯಾರು ಹುಟ್ಟಿಸಿದ್ರು, ಯಾವ ಇಸವಿ ಅಂತ ನಮಗೆ ಚೆನ್ನಾಗೇ ಗೊತ್ತು. ಇನ್ನೊಂದು, ಯೇಸುವಿಗೆ ನಿಜವಾಗ್ಲೂ ಒಂದು ಕುಟುಂಬ ಇತ್ತು, ತಮ್ಮಂದಿರು, ತಮ್ಮನ ಮೊಮ್ಮಕ್ಕಳು ಎಲ್ಲ ಇದ್ರು, ಅವರ ಸುದ್ದಿ ಹಳೇ ಪುಸ್ತಕಗಳಲ್ಲಿ ಬಹಿರಂಗವಾಗೇ ಇದೆ, ಆದ್ರೆ ಅವರನ್ನ ಯಾರೂ ಕೇಳೋದೇ ಇಲ್ಲ. ನನಗೆ ಸಂಕಟ ಆಗೋದು ಈ ಎರಡನೇದಕ್ಕೆ.

ಮೊದ್ಲು ಕತೆ ಹುಟ್ಟಿದ ಊರಿಗೆ ಹೋಗೋಣ. ದಕ್ಷಿಣ ಫ್ರಾನ್ಸಿನಲ್ಲಿ ಪಿರೆನೀಸ್ ಬೆಟ್ಟಸಾಲಿನ ಹತ್ರ ರೆನ್-ಲ-ಶಾತೊ ಅಂತ ಗುಡ್ಡದ ಮೇಲೆ ಒಂದು ಚಿಕ್ಕ ಊರಿದೆ. 1885ರಲ್ಲಿ ಬೆರಾಂಜೆ ಸೊನಿಯೆರ್ ಅಂತ ಒಬ್ರು ಪಾದ್ರಿ ಅಲ್ಲಿಗೆ ಬಂದ್ರು. ಚರ್ಚು ಮಗ್ದಲದ ಮರಿಯಳ ಹೆಸರಿನದು, ಬೀಳೋ ಸ್ಥಿತೀಲಿತ್ತು. ಅದನ್ನ ರಿಪೇರಿ ಮಾಡಿಸಿದ್ರು, ಅಷ್ಟಕ್ಕೇ ನಿಲ್ಲದೆ ಪಕ್ಕದಲ್ಲಿ ಒಂದು ವಿಲ್ಲಾ, ಮಗ್ದಲಾ ಹೆಸರಿನ ಒಂದು ಗೋಪುರ, ತೋಟ ಎಲ್ಲ ಕಟ್ಟಿಸಿದ್ರು. ಹಳ್ಳಿ ಪಾದ್ರಿ ಸಂಬಳದಲ್ಲಿ ಇದೆಲ್ಲ ಹೇಗೆ ಸಾಧ್ಯ ಅಂತ ಪ್ರಶ್ನೆ ಬಂದೇ ಬರುತ್ತೆ ಅಲ್ವಾ, ಬಂತು ಕೂಡ, ಬಿಷಪ್ಪರೇ ಕೇಳಿದ್ರು. 1910-11ರಲ್ಲಿ ಚರ್ಚಿನೊಳಗೆ ವಿಚಾರಣೆ ನಡೀತು, ಉತ್ತರ ಸಿಕ್ತು. ಸತ್ತವರ ಹೆಸರಲ್ಲಿ ಪೂಜೆ ಮಾಡಿಸೋಕೆ ಭಕ್ತರು ದುಡ್ಡು ಕೊಡ್ತಾರೆ, ಇದು ಕ್ಯಾಥೊಲಿಕ್ ಮನೆಗಳಲ್ಲಿ ಇವತ್ತಿಗೂ ಇರೋ ಪದ್ಧತಿ. ಸೊನಿಯೆರ್ ದೂರದೂರದ ಊರುಗಳಿಂದ ಪತ್ರದ ಮೂಲಕ ಇಂಥ ಪೂಜೆಗಳಿಗೆ ದುಡ್ಡು ತರಿಸ್ಕೊಳ್ತಿದ್ರು, ಒಬ್ಬ ಪಾದ್ರಿ ಮಾಡೋಕೆ ಸಾಧ್ಯವೇ ಇಲ್ಲದಷ್ಟು ಪೂಜೆಗಳಿಗೆ. ಅವರನ್ನ ಕೆಲಸದಿಂದ ಅಮಾನತು ಮಾಡಿದ್ರು, 1917ರಲ್ಲಿ ತೀರ್ಕೊಂಡ್ರು. ನಿಧಿ ಇಲ್ಲ, ಗುಪ್ತ ದಾಖಲೆ ಇಲ್ಲ. ನಂಬಿಕೆ ಇಟ್ಟು ಕಾಸು ಕಳಿಸಿದ ಬಡಪಾಯಿಗಳ ದುಡ್ಡು, ಅಷ್ಟೆ.

ಆಮೇಲೆ ನೋಡಿ. ಪಾದ್ರಿ ಮನೆ ನೋಡ್ಕೊಳ್ತಿದ್ದ ಹೆಂಗಸು ಆ ಆಸ್ತಿಯನ್ನ ನೊಯೆಲ್ ಕೊರ್ಬು ಅನ್ನೋರಿಗೆ ಮಾರಿದ್ರು. ಅವರು ಅಲ್ಲಿ ಹೋಟೆಲ್ ತೆಗೆದ್ರು. ಗುಡ್ಡದ ತುದಿ ಹೋಟೆಲ್ಲಿಗೆ ಜನ ಯಾಕೆ ಬರ್ತಾರೆ? 1956ರ ಜನವರೀಲಿ ಒಂದು ಪ್ರಾದೇಶಿಕ ಪತ್ರಿಕೇಲಿ ಸುದ್ದಿ ಬಂತು, ಆ ಪಾದ್ರಿಗೆ 13ನೇ ಶತಮಾನದ ಬ್ಲಾಂಶ್ ರಾಣಿಯ ನಿಧಿ ಸಿಕ್ಕಿತ್ತು ಅಂತ, ಹೇಳಿದ್ದು ಕೊರ್ಬು. ಗಮನಿಸಿ, ಈ ಮೊದಲ ಕತೇಲಿ ಯೇಸು ಇಲ್ಲ, ಮದುವೆ ಇಲ್ಲ, ವಂಶ ಇಲ್ಲ. ಬರೀ ಚಿನ್ನ.

ಅದೇ 1956ರಲ್ಲಿ, ಅಲ್ಲಿಂದ ಬಹಳ ದೂರ ಸ್ವಿಸ್ ಗಡಿ ಹತ್ರ ಆನ್ಮಾಸ್ ಅನ್ನೋ ಊರಲ್ಲಿ ಪಿಯೆರ್ ಪ್ಲಾಂತಾರ್ ಅಂತ ಒಬ್ಬ ತನ್ನ ಗೆಳೆಯರ ಜೊತೆ ಸೇರಿ ಪ್ರಯರಿ ಆಫ್ ಸಯನ್ ಅಂತ ಒಂದು ಸಂಘ ರಿಜಿಸ್ಟರ್ ಮಾಡಿಸಿದ. ಹೌದು, ಸಾವಿರ ವರ್ಷದ ಗುಪ್ತ ಸಂಘ ಅಂತ ಕೇಳಿದೀವಲ್ಲ, ಅದೇ. ಸರ್ಕಾರಿ ಆಫೀಸಲ್ಲಿ ಅರ್ಜಿ ಕೊಟ್ಟು ನೋಂದಾಯಿಸಿದ ಸಂಘ, ಹೆಸರು ಅಲ್ಲೇ ಪಕ್ಕದ ಒಂದು ಗುಡ್ಡದ್ದು, ಅವರ ಪತ್ರಿಕೆ ಮಾತಾಡ್ತಿದ್ದದ್ದು ಕಡಿಮೆ ಬಾಡಿಗೆ ಮನೆಗಳಲ್ಲಿ ಇರೋರ ಹಕ್ಕಿನ ಬಗ್ಗೆ. ಕೆಲವು ವರ್ಷ ಕಳೆದ್ಮೇಲೆ ಪ್ಲಾಂತಾರ್‌ಗೆ ರೆನ್-ಲ-ಶಾತೊ ನಿಧಿ ಕತೆ ಸಿಕ್ತು, ಆತ ಅದನ್ನ ತನ್ನ ಇನ್ನೊಂದು ಆಸೆಗೆ ಜೋಡಿಸಿದ. ಆ ಆಸೆ ಏನಂದ್ರೆ, ತಾನು 679ರಲ್ಲಿ ಕೊಲೆಯಾದ ಮೆರೊವಿಂಜಿಯನ್ ರಾಜ ಎರಡನೇ ದಾಗೊಬೆರ್‌ನ ವಂಶದವನು, ಫ್ರಾನ್ಸಿನ ಸಿಂಹಾಸನಕ್ಕೆ ನಿಜವಾದ ಹಕ್ಕುದಾರ ಅಂತ. ಗೆಳೆಯ ಫಿಲಿಪ್ ದ ಶೆರಿಸೆ ಹಳೇ ಚರ್ಮಪತ್ರದ ಥರ ಕಾಣೋ ಸಂಕೇತ ಲಿಪಿಯ ಕಾಗದಗಳನ್ನ ತಯಾರು ಮಾಡಿದ. ವಂಶವೃಕ್ಷಗಳು ಟೈಪಾದ್ವು, ಸಂಘದ ಹಳೇ ಮುಖ್ಯಸ್ಥರ ಪಟ್ಟಿ ತಯಾರಾಯ್ತು, ಅದರಲ್ಲಿ ಲಿಯೊನಾರ್ಡೊ, ನ್ಯೂಟನ್, ವಿಕ್ಟರ್ ಹ್ಯೂಗೊ ಎಲ್ರೂ ಇದಾರೆ. ಇವನ್ನೆಲ್ಲ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸದ್ದಿಲ್ಲದೆ ಸೇರಿಸಿದ್ರು, ಮುಖ್ಯವಾದ ಕಟ್ಟು ಸೇರಿದ್ದು 1967ರಲ್ಲಿ. ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿಗೆ ತಾನೇ ಬರೆದ ಕಾಗದ ಸೇರಿಸಿ, ಆಮೇಲೆ ತಾನೇ ನಕಲಿಗೆ ಅರ್ಜಿ ಹಾಕಿ, ಸೀಲು ಬಿದ್ದ ಕಾಪಿ ಹಿಡ್ಕೊಂಡು ಜಮೀನು ನಂದು ಅನ್ನೋ ಹಾಗೆ ಇದು. ಮುಂದೆ ಬಂದ ಸಂಶೋಧಕರು "ಗ್ರಂಥಾಲಯದಲ್ಲಿ ರಹಸ್ಯ ದಾಖಲೆ ಸಿಕ್ತು" ಅಂತ ಬರೆದ್ರಲ್ಲ, ಸಿಕ್ಕಿದ್ದು ಇದು.

ಇಲ್ಲೀವರೆಗೂ ಯೇಸು ಬಂದಿಲ್ಲ! ಯೇಸು ಬಂದದ್ದು 1982ರಲ್ಲಿ, ಮೂವರು ಲೇಖಕರು ಇಂಗ್ಲಿಷಿನಲ್ಲಿ ಬರೆದ ಒಂದು ಪುಸ್ತಕದಿಂದ. ಮೆರೊವಿಂಜಿಯನ್ ರಾಜರ ರಕ್ತಕ್ಕೆ ಇಷ್ಟು ಬೆಲೆ ಯಾಕೆ ಅಂತ ತಮಗೆ ತಾವೇ ಕೇಳ್ಕೊಂಡು, ಅದು ಯೇಸುವಿನ ರಕ್ತ ಇರ್ಬೇಕು ಅಂತ ಅವರು ಊಹೆ ಮಾಡಿದ್ರು. ಪ್ಲಾಂತಾರ್ ಸ್ವತಃ ಆ ಮಾತನ್ನ ಒಪ್ಪಲಿಲ್ಲ. ಅಂದ್ರೆ 1956ರಲ್ಲಿ ಚಿನ್ನ, 1967ರ ಹೊತ್ತಿಗೆ ರಾಜರು, 1982ರಲ್ಲಿ ಯೇಸು. ಎರಡು ಸಾವಿರ ವರ್ಷದ ಗುಟ್ಟು ಅಂತ ಕರೆಯೋದನ್ನ 26 ವರ್ಷದಲ್ಲಿ ಪದರ ಪದರವಾಗಿ ಕಟ್ಟಿದ್ದು. 1993ರಲ್ಲಿ ಬೇರೊಂದು ಹಗರಣದ ತನಿಖೇಲಿ ಪ್ಲಾಂತಾರ್‌ನ ಹೆಸರು ಬಂದು, ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಎಲ್ಲ ನಾನೇ ಸೃಷ್ಟಿ ಮಾಡಿದ್ದು ಅಂತ ಒಪ್ಕೊಂಡ. ಎಲ್ರೂ ಓದಿದ ಆ ಅಮೆರಿಕನ್ ಕಾದಂಬರಿ, ದ ಡಾ ವಿಂಚಿ ಕೋಡ್, ಬಂದಿದ್ದು 2003ರಲ್ಲಿ, ಈ ತಪ್ಪೊಪ್ಪಿಗೆಯಾಗಿ 10 ವರ್ಷ ಆದ್ಮೇಲೆ.

ಪ್ಲಾಂತಾರ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. 1940ರಲ್ಲಿ, ಜರ್ಮನ್ನರು ಪ್ಯಾರಿಸ್ ಹಿಡಿದ ವರ್ಷ, ಈತ ಜರ್ಮನ್ನರ ಜೊತೆ ಕೈಜೋಡಿಸಿದ ಫ್ರೆಂಚ್ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೆತಾಂಗೆ ಪತ್ರ ಬರೆದು ಯಹೂದಿಗಳು ಫ್ರೀಮೇಸನ್ನರು ಸೇರಿ ಸಂಚು ಮಾಡ್ತಿದಾರೆ ಅಂತ ಎಚ್ಚರಿಸಿದ್ದ. ಪವಿತ್ರ ರಕ್ತ, ಶುದ್ಧ ವಂಶ, ಮರಳಿ ಬರೋ ರಾಜ, ಇವೆಲ್ಲ ಆ ಕಾಲದ ಯುರೋಪಿನ ಒಂದು ಕಾಯಿಲೆ, ಅದೇ ಮಣ್ಣಿನಲ್ಲಿ ಈ ಕತೇನೂ ಬೆಳೀತು. ಅದನ್ನ ಯಹೂದಿ ತಾಯಿಯ ಹೊಟ್ಟೇಲಿ ಹುಟ್ಟಿದ ಒಬ್ಬ ಗಲಿಲಾಯದ ಬಡಗಿಗೆ ತಂದು ಅಂಟಿಸಿದಾರಲ್ಲ, ಅದು ನನ್ನನ್ನ ಬಹಳ ಕಾಡುತ್ತೆ.

ಈಗ ನಿಜವಾದ ಕುಟುಂಬಕ್ಕೆ ಬರೋಣ. ಮಾರ್ಕನ ಸುವಾರ್ತೆ ಆರನೇ ಅಧ್ಯಾಯ ತೆಗೀರಿ. ನಜರೇತಿನ ಜನ ಯೇಸುವನ್ನ ನೋಡಿ ಇವನು ಬಡಗಿ ಅಲ್ವಾ, ಮರಿಯಳ ಮಗ ಅಲ್ವಾ, ಯಾಕೋಬ ಯೋಸೆ ಯೂದ ಸೀಮೋನ ಇವರ ಅಣ್ಣ ಅಲ್ವಾ, ಇವನ ತಂಗಿಯರು ಇಲ್ಲೇ ನಮ್ಮ ಜೊತೆ ಇಲ್ವಾ ಅಂತಾರೆ. ನಾಲ್ಕು ಹೆಸರು, ತಂಗಿಯರ ಹೆಸರು ಮಾತ್ರ ಬರೆದಿಲ್ಲ. ಕ್ಯಾಥೊಲಿಕ್ಕರು ಇವರು ದಾಯಾದಿಗಳು ಅಂತಾರೆ, ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಯೋಸೇಫನ ಮೊದಲ ಹೆಂಡತಿಯ ಮಕ್ಕಳು, ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವರು ಒಡಹುಟ್ಟಿದವರೇ ಅಂತಾರೆ. ಆ ಜಗಳ ಇವತ್ತು ಬೇಡ. ಹೇಗೆ ಲೆಕ್ಕ ಹಾಕಿದ್ರೂ ಮನೆಯವರೇ.

ಇವರಲ್ಲಿ ಯಾಕೋಬ ಜೆರುಸಲೇಮಿನ ಮೊದಲ ಸಭೆಗೆ ಮುಖ್ಯಸ್ಥರಾದ್ರು. ಮೊದಲ ಕಾಲದ ಧರ್ಮಪ್ರಚಾರಕ ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ನಾನು ಜೆರುಸಲೇಮಿಗೆ ಹೋದಾಗ ಪೇತ್ರನನ್ನ ಕಂಡೆ, ಕರ್ತನ ತಮ್ಮನಾದ ಯಾಕೋಬನನ್ನ ಕಂಡೆ ಅಂತ ಹೇಳ್ಕೊಂಡಿದಾರೆ. ಕ್ರೈಸ್ತರಲ್ಲದ ಯಹೂದಿ ಇತಿಹಾಸಕಾರ ಜೋಸಿಫಸ್ ಕೂಡ ಬರೀತಾನೆ, 62ನೇ ಇಸವೀಲಿ ರೋಮನ್ ಗವರ್ನರ್ ಸತ್ತು ಹೊಸಬರು ಇನ್ನೂ ಬಂದಿಲ್ಲದ ಸಮಯ ನೋಡಿ ಮಹಾಯಾಜಕ ಅನಾನಸ್ ಈ ಯಾಕೋಬರನ್ನ ಕಲ್ಲು ಹೊಡೆಸಿ ಕೊಲ್ಲಿಸಿದ, ನಗರದ ಧರ್ಮಭೀರು ಜನರಿಗೇ ಇದು ಸರಿ ಕಾಣಲಿಲ್ಲ, ಅವರು ದೂರು ಕೊಟ್ಟು ಅನಾನಸ್ ತನ್ನ ಪದವಿ ಕಳ್ಕೊಂಡ ಅಂತ. ಯಾಕೋಬರ ನಂತರ ಆ ಜಾಗಕ್ಕೆ ಬಂದದ್ದು ಸಿಮೆಯೋನ, ಕ್ಲೋಪನ ಮಗ, ಯೇಸುವಿನ ಚಿಕ್ಕಪ್ಪನ ಮಗ ಅಂತ ಹಳೇ ಬರಹ ಹೇಳುತ್ತೆ. ಹೀಗೆ ಕುಟುಂಬದವರೇ ಸಭೆ ನಡೆಸ್ತಿದ್ದ ಒಂದು ಕಾಲ ಇತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನದು, ದಯವಿಟ್ಟು ಸ್ವಲ್ಪ ನಿಧಾನವಾಗಿ ಕೇಳಿ. ಎರಡನೇ ಶತಮಾನದಲ್ಲಿ ಹೆಗೆಸಿಪ್ಪಸ್ ಅಂತ ಒಬ್ರು ಬರೆದಿದ್ದು, ಅವರ ಪುಸ್ತಕ ಕಳೆದುಹೋಗಿದೆ, ಆದ್ರೆ ನಾಲ್ಕನೇ ಶತಮಾನದ ಯುಸೀಬಿಯಸ್ ತನ್ನ ಚರ್ಚ್ ಇತಿಹಾಸದಲ್ಲಿ ಆ ಭಾಗ ಎತ್ತಿ ಕೊಟ್ಟಿದಾನೆ. ಡೊಮಿಷಿಯನ್ ಚಕ್ರವರ್ತಿ, 81ರಿಂದ 96ರವರೆಗೆ ಆಳಿದವನು, ದಾವೀದ ರಾಜನ ವಂಶದವರು ದಂಗೆ ಏಳಬಹುದು ಅಂತ ಹೆದರಿ, ಯೇಸುವಿನ ತಮ್ಮ ಯೂದನ ಮೊಮ್ಮಕ್ಕಳನ್ನ ಹಿಡಿದು ತರಿಸ್ತಾನೆ. ನೀವು ದಾವೀದನ ವಂಶದವರಾ ಅಂತ ಕೇಳ್ತಾನೆ. ಹೌದು ಅಂತಾರೆ. ಆಸ್ತಿ ಎಷ್ಟಿದೆ, ದುಡ್ಡೆಷ್ಟಿದೆ? ಇಬ್ಬರಿಗೂ ಸೇರಿ 9000 ದೆನಾರಿ, ಅಂದ್ರೆ ರೋಮನ್ ಬೆಳ್ಳಿ ನಾಣ್ಯ, ಅಷ್ಟು ಬೆಲೆ ಬಾಳೋದು ಇದೆ, ಅರ್ಧ ಅರ್ಧ, ಅದೂ ನಗದಲ್ಲ, 39 ಪ್ಲೆತ್ರ ಜಮೀನು, ಗ್ರೀಕ್ ಅಳತೆ ಹಿಡಿದ್ರೆ ನಮ್ಮ ಲೆಕ್ಕಕ್ಕೆ ಸುಮಾರು 9 ಎಕರೆ, ಅದನ್ನ ಉತ್ತು ಬಿತ್ತಿ ಕಂದಾಯ ಕಟ್ಟಿ ಹೊಟ್ಟೆ ಹೊರೀತೀವಿ ಅಂತಾರೆ. ಹೇಳಿ ಕೈ ತೋರಿಸ್ತಾರೆ. ದುಡಿದು ದುಡಿದು ಅಂಗೈಯಲ್ಲಿ ಜಡ್ಡು ಕಟ್ಟಿದೆ. ಕ್ರಿಸ್ತನ ರಾಜ್ಯ ಅಂತಾರಲ್ಲ ಅದೆಲ್ಲಿ, ಯಾವಾಗ ಬರುತ್ತೆ ಅಂದ್ರೆ, ಅದು ಈ ಲೋಕದ್ದಲ್ಲ, ಕಾಲದ ಕೊನೆಗೆ ಬರೋದು ಅಂತಾರೆ. ಚಕ್ರವರ್ತಿ ಇವರನ್ನ ಕೇವಲವಾಗಿ ನೋಡಿ, ಏನೂ ಮಾಡದೆ ಬಿಟ್ಟು ಕಳಿಸ್ತಾನೆ. ಅವರು ಊರಿಗೆ ಹೋಗಿ ಸಭೆಗಳ ಹಿರಿಯರಾಗಿ ಟ್ರೇಜನ್ ಚಕ್ರವರ್ತಿಯ ಕಾಲದವರೆಗೂ ಬದುಕಿದ್ರು.

ಚಕ್ರವರ್ತಿ ಖುದ್ದಾಗಿ ಈ ರೈತರನ್ನ ಮುಂದೆ ನಿಲ್ಲಿಸ್ಕೊಂಡು ಕೇಳಿದ್ನಾ ಅನ್ನೋದ್ರ ಬಗ್ಗೆ ಇತಿಹಾಸಕಾರರಿಗೆ ಅನುಮಾನ ಇದೆ, ಇರಲಿ. ಆದ್ರೆ ಆ ಕಾಲದ ಕ್ರೈಸ್ತರು ಯೇಸುವಿನ ರಕ್ತಸಂಬಂಧಿಗಳು ಅಂದಾಗ ಯಾರನ್ನ ನೆನೆಸ್ಕೊಳ್ತಿದ್ರು ನೋಡಿ. ಕಂದಾಯ ಕಟ್ಟೋ ಇಬ್ಬರು ಸಣ್ಣ ರೈತರನ್ನ. ಇದಕ್ಕಿಂತ ಪವಿತ್ರವಾದ ವಂಶಾವಳಿ ಬೇಕಾ? ಗ್ರೇಲ್ ಬಟ್ಟಲು, ಟೆಂಪ್ಲರ್ ವೀರರು, ಫ್ರೆಂಚ್ ರಾಜಕಿರೀಟ, ಇವೆಲ್ಲ ಸೇರಿದ್ರೂ ಆ ಜಡ್ಡುಗಟ್ಟಿದ ಕೈಗೆ ಸಮ ಆಗಲ್ಲ ಅಂತ ನಾನು ಮನಸಾರೆ ನಂಬ್ತೀನಿ.

ಹಾಗಾದ್ರೆ ಈ ಕುಟುಂಬದವರು ಎಲ್ಲಿ ಹೋದ್ರು? ಅವರನ್ನ ಅಳಿಸಿದ್ದು ಗುಪ್ತ ಸಂಚಲ್ಲ, ಯುದ್ಧ. 70ರಲ್ಲಿ ರೋಮನ್ನರು ಜೆರುಸಲೇಮ್ ದೇವಾಲಯ ಸುಟ್ರು. 132ರಿಂದ 135ರವರೆಗೆ ರೋಮನ್ನರ ವಿರುದ್ಧ ಯಹೂದಿಗಳ ಬಾರ್ ಕೊಖ್ಬಾ ದಂಗೆ ನಡೀತು, ಅದು ಸೋತ ಮೇಲೆ ಚಕ್ರವರ್ತಿ ಹೇಡ್ರಿಯನ್ ಯಹೂದಿಗಳು ಆ ನಗರಕ್ಕೆ ಕಾಲಿಡಬಾರದು ಅಂತ ಮಾಡಿದ. ಅಲ್ಲಿಗೆ ಯಹೂದಿ ಮೂಲದ ಹಿರಿಯರ ಸಾಲು ಮುಗೀತು, ಗ್ರೀಕ್ ಮಾತಾಡೋ ಬೇರೆ ಜನಾಂಗದ ಕ್ರೈಸ್ತರು ಮುಂದೆ ಬಂದ್ರು. ಯಾಕೋಬರನ್ನ ದೊಡ್ಡವರು ಅಂತ ನಂಬಿ, ಮೋಶೆಯ ನಿಯಮ ಬಿಡದೆ, ಪೌಲನನ್ನ ಒಪ್ಪದೆ ಉಳಿದ ಎಬಿಯೋನೈಟರು ಕೆಲವು ಶತಮಾನ ಇದ್ದು ಕರಗಿಹೋದ್ರು, ಅವರನ್ನ ಚರ್ಚು ಪಾಷಂಡಿಗಳು ಅಂತ ಬರೆದಿಟ್ಟಿತು. ಯೇಸುವಿನ ತಮ್ಮನ ದಾರಿ ಹಿಡಿದವರು ಯೇಸುವಿನ ಹೆಸರಿನ ಚರ್ಚಿನಲ್ಲೇ ಹೊರಗಿನವರಾದ್ರು. ಪರ್ಯಾಯ ಇತಿಹಾಸ ಬೇಕು ಅನ್ನೋರಿಗೆ ಇದಕ್ಕಿಂತ ದೊಡ್ಡದು ನನಗಂತೂ ಗೊತ್ತಿಲ್ಲ. ಬೈಬಲ್ಲಿಗೆ ಸೇರದ ತೋಮನ ಸುವಾರ್ತೆಯ 12ನೇ ವಾಕ್ಯದಲ್ಲಿ ಶಿಷ್ಯರು ನೀವು ಹೋದ್ಮೇಲೆ ನಮಗ್ಯಾರು ದಿಕ್ಕು ಅಂತ ಕೇಳಿದಾಗ ಯೇಸು ನೀತಿವಂತ ಯಾಕೋಬನ ಹತ್ರ ಹೋಗಿ ಅಂತಾರೆ. ಪೇತ್ರ ಅಲ್ಲ, ಪೌಲ ಅಲ್ಲ, ಯಾಕೋಬ.

ಇನ್ನು ಮಗ್ದಲದ ಮರಿಯ. ನಿಮ್ಮಲ್ಲಿ ಹೆಚ್ಚಿನವರಿಗೆ ಆಕೆ ವೇಶ್ಯೆಯಾಗಿದ್ದು ಪಶ್ಚಾತ್ತಾಪ ಪಟ್ಟವಳು ಅಂತ ಗೊತ್ತಿರತ್ತೆ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಹಾಗಿಲ್ಲ, ಒಂದು ಸಾಲೂ ಇಲ್ಲ. ಲೂಕ ಎಂಟನೇ ಅಧ್ಯಾಯದಲ್ಲಿ ಇರೋದು, ಏಳು ದೆವ್ವಗಳಿಂದ ಬಿಡುಗಡೆ ಆದ ಮರಿಯ, ಹೆರೋದನ ಮನೆ ಮೇಲ್ವಿಚಾರಕ ಕೂಜನ ಹೆಂಡತಿ ಯೋಹಾನ್ನ, ಸುಸನ್ನ, ಇನ್ನೂ ಅನೇಕರು ತಮ್ಮ ಸ್ವಂತ ಹಣದಿಂದ ಯೇಸು ಮತ್ತು ಶಿಷ್ಯರನ್ನ ನೋಡ್ಕೊಳ್ತಿದ್ರು ಅಂತ. ದುಡ್ಡು ಹಾಕಿ ನಡೆಸಿದ ಹೆಂಗಸರು. ಶಿಷ್ಯರು ಓಡಿಹೋದಾಗ ಶಿಲುಬೆ ಹತ್ರ ನಿಂತವರು, ಬೆಳಗ್ಗೆ ಸಮಾಧಿಗೆ ಹೋದವರು. ಯೋಹಾನನ ಸುವಾರ್ತೇಲಿ ಎದ್ದು ಬಂದ ಯೇಸುವನ್ನ ಮೊದ್ಲು ಕಂಡದ್ದು ಆಕೆ, ತೋಟದವನು ಅಂದ್ಕೊಂಡು ನೀನು ಎತ್ಕೊಂಡು ಹೋಗಿದ್ರೆ ಎಲ್ಲಿಟ್ಟಿದೀಯ ಹೇಳಪ್ಪ, ನಾನು ತಗೊಂಡು ಹೋಗ್ತೀನಿ ಅಂತ ಅಳ್ತಾ ಕೇಳ್ತಾಳೆ. ವೇಶ್ಯೆ ಅನ್ನೋದು ಅಂಟಿದ್ದು 591ರಲ್ಲಿ, ಪೋಪ್ ಗ್ರೆಗರಿ ಒಂದು ಪ್ರವಚನದಲ್ಲಿ ಮೂರು ಬೇರೆ ಬೇರೆ ಹೆಂಗಸರನ್ನ ಸೇರಿಸಿ ಒಬ್ಬಳನ್ನಾಗಿ ಮಾಡಿದ್ರು. ಕ್ಯಾಥೊಲಿಕ್ ಚರ್ಚು ಅದನ್ನ ಬಿಡಿಸಿದ್ದು 1969ರಲ್ಲಿ. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಆಕೆಯ ದಿನವನ್ನ ಅಪೊಸ್ತಲರ ಹಬ್ಬದ ಮಟ್ಟಕ್ಕೆ ಏರಿಸಿದ್ರು. ಹತ್ತಿರ ಹತ್ತಿರ ಸಾವಿರದ ನಾನೂರು ವರ್ಷ ಒಬ್ಬ ಹೆಣ್ಣಿನ ಹೆಸರು ಹಾಳಾಗಿತ್ತು, ಅದೂ ಆಲ್ಟರ್ ಮೇಲಿಂದ.

ಈಗ ಈ ವಂಶದ ಕತೆಯವರು ನಾವು ಆಕೆಗೆ ನ್ಯಾಯ ಕೊಡಿಸ್ತಿದೀವಿ ಅಂತಾರೆ. ಏನು ನ್ಯಾಯ? ಸಾಕ್ಷಿಯಾಗಿದ್ದವಳನ್ನ ಹೆಂಡತಿ ಮಾಡಿದ್ರು, ಮಾತಾಡಿದವಳನ್ನ ಗರ್ಭ ಮಾಡಿದ್ರು. ಒಬ್ಬ ಗಂಡಸಿನ ಮಗುವನ್ನ ಹೊತ್ತಿದ್ದಕ್ಕೆ ಆಕೆ ದೊಡ್ಡವಳು ಅನ್ನೋದಾದ್ರೆ ಇದ್ರಲ್ಲಿ ಹೊಸದೇನು ಬಂತು, ಹೆಣ್ಣಿಗೆ ಹೆರೋದೇ ಕೆಲಸ ಅನ್ನೋ ಹಳೇ ಮಾತೇ ತಾನೆ? ಆಕೆಯ ಹೆಸರಿನದೇ ಒಂದು ಸುವಾರ್ತೆ ಇದೆ. 1896ರಲ್ಲಿ ಕೈರೋದಲ್ಲಿ ಒಬ್ಬ ಜರ್ಮನ್ ವಿದ್ವಾಂಸರು ಕೊಂಡ್ಕೊಂಡ, ಕಾಪ್ಟಿಕ್ ಅನ್ನೋ ಹಳೇ ಈಜಿಪ್ಟಿನ ಭಾಷೆಯ ಹೊತ್ತಗೇಲಿ ಇತ್ತು, ಮೊದಲ ಆರು ಪುಟ, ನಡುವೆ ನಾಲ್ಕು ಪುಟ ಹೋಗಿದೆ, ಎರಡು ಮಹಾಯುದ್ಧಗಳ ಗಲಾಟೇಲಿ ಅಚ್ಚಾಗಿದ್ದು 1955ಕ್ಕೆ. ಅದ್ರಲ್ಲಿ ಯೇಸು ಹೊರಟುಹೋದ ಮೇಲೆ ಶಿಷ್ಯರು ಹೆದರಿ ಅಳ್ತಿರ್ತಾರೆ, ಮರಿಯ ಎದ್ದು ಸಮಾಧಾನ ಮಾಡ್ತಾಳೆ. ಪೇತ್ರನೇ ಕೇಳ್ತಾನೆ, ನಮಗೆ ಗೊತ್ತಿಲ್ಲದ್ದು ನಿನಗೇನಾದ್ರೂ ಹೇಳಿದ್ರೆ ಹೇಳು ಅಂತ. ಆಕೆ ಕಂಡ ದರ್ಶನ ಹೇಳ್ತಾಳೆ, ಆತ್ಮ ಒಂದೊಂದೇ ಶಕ್ತಿಗಳನ್ನ ದಾಟ್ಕೊಂಡು ಮೇಲೆ ಹೋಗೋದು. ಮುಗಿಸಿದ ಮೇಲೆ ಅದೇ ಪೇತ್ರ ತಿರುಗಿಬಿದ್ದು ನಮ್ಮನ್ನ ಬಿಟ್ಟು ಒಬ್ಬ ಹೆಂಗಸಿನ ಜೊತೆ ಗುಟ್ಟಾಗಿ ಮಾತಾಡಿದ್ರಾ ಅವರು, ನಾವೀಗ ಇವಳ ಮಾತು ಕೇಳ್ಬೇಕಾ ಅಂತಾನೆ. ಮರಿಯ ಅಳ್ತಾಳೆ, ಅಣ್ಣಾ ಪೇತ್ರ, ನಾನಿದನ್ನೆಲ್ಲ ಹುಟ್ಟಿಸ್ಕೊಂಡು ಹೇಳಿದೆ ಅಂತೀಯಾ ಅಂತ. ಆಗ ಲೇವಿ ಹೇಳ್ತಾನೆ, ಪೇತ್ರ ನಿನಗೆ ಯಾವಾಗ್ಲೂ ಕೋಪ ಮುಂದೆ, ಅವರೇ ಈಕೆಯನ್ನ ಯೋಗ್ಯಳು ಅಂದಿರುವಾಗ ಬೇಡ ಅನ್ನೋಕೆ ನೀನ್ಯಾರು ಅಂತ. ಇದು ಎರಡನೇ ಶತಮಾನದ ಬರಹ ಅಂತ ಸಾಮಾನ್ಯವಾಗಿ ಹೇಳ್ತಾರೆ, ನಡೆದ ಘಟನೆಯ ವರದಿ ಅಲ್ಲ, ಆದ್ರೆ ಹೆಣ್ಣು ಬೋಧಿಸಬಹುದಾ ಅನ್ನೋ ಜಗಳ ಆಗ್ಲೇ ಎಷ್ಟು ಜೋರಾಗಿತ್ತು ಅಂತ ಗೊತ್ತಾಗುತ್ತೆ. ಮದುವೆ ಸುದ್ದಿ ಇದ್ರಲ್ಲಿ ಇಲ್ವೇ ಇಲ್ಲ. ಆಕೆಯ ಹಕ್ಕು ಆಕೆಗೆ ತಿಳಿದದ್ದರಿಂದ ಬಂದದ್ದು.

ಯೇಸು ಮರಿಯಳಿಗೆ ಮುತ್ತಿಡ್ತಿದ್ರು ಅನ್ನೋ ವಿಷಯ ಕೇಳ್ತೀರಿ ಅಂತ ಗೊತ್ತು, ಅದು ಫಿಲಿಪ್ಪನ ಸುವಾರ್ತೇಲಿ ಇರೋದು, 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಹತ್ರ ಗೊಬ್ಬರದ ಮಣ್ಣು ಅಗೆಯೋಕೆ ಹೋದ ರೈತರಿಗೆ ಜಾಡಿಯಲ್ಲಿ ಸಿಕ್ಕ ಹೊತ್ತಗೆಗಳಲ್ಲಿ ಒಂದು. ಆ ಪುಟದಲ್ಲಿ ಅವರು ಆಕೆಯ ಮೇಲೆ ಮುತ್ತಿಡ್ತಿದ್ರು ಅನ್ನೋ ಸಾಲಲ್ಲಿ, ಎಲ್ಲಿ ಅನ್ನೋ ಜಾಗದಲ್ಲೇ ಹಾಳೆ ತೂತಾಗಿದೆ. ತುಟಿ ಅಂತ ತುಂಬಿಸೋದು ಓದುವವರು. ತುಟಿ ಅಂತಾನೇ ಇಟ್ಕೊಳ್ಳಿ, ಅದೇ ನಾಗ್ ಹಮ್ಮಾದಿ ಹೊತ್ತಗೆಗಳಲ್ಲಿ ಇನ್ನೊಂದು ಕಡೆ ಯೇಸು ತಮ್ಮ ಯಾಕೋಬನ ಬಾಯಿಗೆ ಮುತ್ತಿಟ್ಟು ಪ್ರಿಯನೇ ಅಂತ ಕರೆದು ರಹಸ್ಯ ಜ್ಞಾನ ಕೊಡ್ತಾರೆ. ಈ ಹೊತ್ತಗೆಗಳನ್ನ ಬರೆದ ಪಂಥದಲ್ಲಿ ಮುತ್ತು ಅಂದ್ರೆ ಜ್ಞಾನ ದಾಟಿಸೋ ರೀತಿ. ಒಂದನ್ನ ದಾಂಪತ್ಯ ಅಂತ, ಇನ್ನೊಂದನ್ನ ಬೋಧೆ ಅಂತ ಓದೋದು ನ್ಯಾಯ ಅಲ್ಲ.

2012ರಲ್ಲಿ ಇನ್ನೊಂದು ಬಂತು, ನಿಮಗೆ ನೆನಪಿರಬಹುದು, ಒಂದು ಬಿಸಿನೆಸ್ ಕಾರ್ಡಿನಷ್ಟು ಪಪೈರಸ್ ಚೂರು, ಅಂದ್ರೆ ಜೊಂಡಿನಿಂದ ಮಾಡ್ತಿದ್ದ ಹಳೇ ಕಾಗದದ್ದು, ಅದರಲ್ಲಿ ಯೇಸು "ನನ್ನ ಹೆಂಡತಿ" ಅಂತಾರೆ, ಹಾರ್ವರ್ಡಿನ ಪ್ರೊಫೆಸರ್ ಕರೆನ್ ಕಿಂಗ್ ರೋಮಿನಲ್ಲಿ ಪ್ರಕಟ ಮಾಡಿದ್ರು. ಪಪೈರಸ್ ಹಳೇದೇ, ಕಾರ್ಬನ್ ಪರೀಕ್ಷೆ 7-8ನೇ ಶತಮಾನದ ಆಸುಪಾಸು ಅಂತು. ಆದ್ರೆ ಬರಹದಲ್ಲಿದ್ದ ಒಂದು ವ್ಯಾಕರಣ ತಪ್ಪು, 2002ರಲ್ಲಿ ಇಂಟರ್‌ನೆಟ್ಟಿಗೆ ಹಾಕಿದ್ದ ತೋಮನ ಸುವಾರ್ತೆಯ ಪಿಡಿಎಫ್‌ನಲ್ಲಿದ್ದ ಟೈಪಿಂಗ್ ತಪ್ಪಿಗೆ ಸರಿಯಾಗಿ ಹೊಂದಿಕೆ ಆಯ್ತು! 2016ರಲ್ಲಿ ಒಬ್ಬ ಪತ್ರಕರ್ತ ಅದರ ಮಾಲೀಕನ ಹಿನ್ನೆಲೆ ಹುಡುಕಿ ತೆಗೆದ ಮೇಲೆ ಕಿಂಗ್ ಅವರೇ ಇದು ನಕಲಿ ಅನ್ನೋ ಕಡೆಗೇ ತಕ್ಕಡಿ ವಾಲಿದೆ ಅಂದ್ರು.

ದೋಣಿ ಕತೆ ಬೇಗ ಮುಗಿಸ್ತೀನಿ. ಮರಿಯ, ಮಾರ್ಥ, ಲಾಜರ ಎಲ್ಲ ಹುಟ್ಟಿಲ್ಲದ ದೋಣೀಲಿ ಪ್ರೊವಾನ್ಸ್ ತೀರ ಸೇರಿದ್ರು ಅನ್ನೋದು ಮಧ್ಯಯುಗದ ಭಕ್ತಿಕತೆ, ಅದ್ರಲ್ಲಿ ಆಕೆ ಗುಹೇಲಿ ಒಬ್ಬಳೇ ತಪಸ್ಸು ಮಾಡ್ತಾಳೆ, ಗಂಡ ಮಗು ಅಂತ ಯಾರೂ ಹೇಳಿಲ್ಲ. ಅಲ್ಲೇ ಸಮುದ್ರ ತೀರದ ಒಂದು ಊರಲ್ಲಿ ಕಪ್ಪು ಬಣ್ಣದ ಸಾರಾ ಅಂತ ಒಬ್ಬ ಸಂತ ಮಹಿಳೆ, ಪ್ರತಿ ಮೇ ತಿಂಗಳು ರೋಮಾ ಜನ, ಜಿಪ್ಸಿಗಳು ಅಂತ ಕರೀತಿದ್ದವರು, ಸೇರಿ ಆಕೆಯ ಮೂರ್ತಿಯನ್ನ ಸಮುದ್ರಕ್ಕೆ ಮೆರವಣಿಗೇಲಿ ಹೊತ್ಕೊಂಡು ಹೋಗ್ತಾರೆ. ಅವರ ಪೂರ್ವಿಕರು ನಮ್ಮ ದೇಶದಿಂದ ಹೋದವರು. ವಂಶದ ಕತೆಯವರು ಈ ಸಾರಾಳನ್ನೂ ಬಿಡಲಿಲ್ಲ, ಯೇಸುವಿನ ಮಗಳು ಮಾಡಿದ್ರು. ಯುರೋಪೆಲ್ಲ ಅಟ್ಟಿಸಿ ಹೊಡೆದ ಒಂದು ಜನಾಂಗಕ್ಕೆ ತಮ್ಮದು ಅಂತ ಇರೋ ತಾಯಿ ಆಕೆ, ಅವರ ಹತ್ರ ಕೇಳಿ ತಗೊಂಡಿದ್ದಾ?

ಇನ್ನು ನಿಕಾಯ ಸಭೆ, 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆದ ಬಿಷಪ್ಪರ ಸಭೆ. ಅಲ್ಲಿ ಆತ ಓಟು ಹಾಕಿಸಿ ಯೇಸುವನ್ನ ದೇವರು ಮಾಡಿದ, ಸುವಾರ್ತೆಗಳನ್ನ ಆರಿಸಿ ಉಳಿದದ್ದು ಸುಟ್ಟ ಅನ್ನೋದು ಬರೀ ಸುಳ್ಳು. ಅಲ್ಲಿ ಚರ್ಚೆ ಆಗಿದ್ದು ಏರಿಯಸ್ ಅನ್ನೋ ಪಾದ್ರಿ ಎತ್ತಿದ, ಮಗ ತಂದೆ ದೇವರಿಗೆ ಸಮಾನನಾ ಅನ್ನೋ ಪ್ರಶ್ನೆ, ಈಸ್ಟರ್ ದಿನಾಂಕ, ಇನ್ನು 20 ನಿಯಮಗಳು. ಈಗಿನ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಮೊದಲು ಸಿಗೋದು ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ.

ಭಾರತದ ಕವಲೂ ಇದೆ. 1894ರಲ್ಲಿ ನಿಕೊಲಾಯ್ ನೊಟೊವಿಚ್ ಅಂತ ರಷ್ಯಾದವನು ಲಡಾಖಿನ ಹೆಮಿಸ್ ಮಠದಲ್ಲಿ ಯೇಸುವಿನ ಅಜ್ಞಾತ ಬದುಕಿನ ಹೊತ್ತಗೆ ನೋಡಿದೆ ಅಂತ ಬರೆದ. ಮರುವರ್ಷವೇ ಆಗ್ರಾದ ಒಬ್ಬ ಪ್ರೊಫೆಸರ್ ಡಗ್ಲಸ್ ಅಲ್ಲಿಗೆ ಹೋಗಿ ಮಠದ ಮುಖ್ಯ ಲಾಮಾರನ್ನ ಕೇಳಿದ್ರು, ಅಂಥದ್ದು ಇಲ್ಲಿಲ್ಲ ಅಂದ್ರು. ಶ್ರೀನಗರದ ರೋಜಾ ಬಲ್ ಸಮಾಧಿಯನ್ನ ಯೇಸುವಿನದು ಅನ್ನೋದೂ ಹತ್ತೊಂಬತ್ತನೇ ಶತಮಾನದ ಕೊನೆಯ ಮಾತೇ.

ಕನ್ನಡದವರಾದ ನಮಗೆ ಈ ವಿಷಯದಲ್ಲಿ ನಿಜವಾದ ನಂಟು ಇರೋದು ಬೇರೆ ಕಡೆ, ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಊರಿನ ತಿಪ್ಪೆಯಲ್ಲಿ. ಗೋವಿಂದ ಪೈ ಅವರನ್ನ ಓದಿದವರಿಗೆ ಹೆಸರು ಗೊತ್ತು. ಅಲ್ಲಿ ಸಿಕ್ಕ 413ನೇ ಪಪೈರಸ್ ಒಂದು ಗ್ರೀಕ್ ಪ್ರಹಸನ, ಖಾರಿತಿಯೋನ್ ಅನ್ನೋ ಹೆಣ್ಣು ಭಾರತದ ಕರಾವಳೀಲಿ ಸೆರೆ ಸಿಕ್ಕಿರ್ತಾಳೆ, ಅಣ್ಣ ಬಂದು ರಾಜನ ಕಡೆಯವರಿಗೆ ಕುಡಿಸಿ ಬಿಡಿಸ್ಕೊಂಡು ಹೋಗ್ತಾನೆ. ಅದರಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ, ಅವು ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಬರೆದ್ರು, ಶಾಮಾಶಾಸ್ತ್ರಿ, ಪೈ ಅವರು ಮುಂದುವರಿಸಿದ್ರು, ಒಪ್ಪದವರೂ ಇದಾರೆ. ಅದೇ ತಿಪ್ಪೆಗುಡ್ಡೆಗಳಲ್ಲೇ ಗ್ರೆನ್‌ಫೆಲ್ ಮತ್ತು ಹಂಟ್ ಅನ್ನೋ ಇಬ್ಬರಿಗೆ 1897ರಲ್ಲಿ ಯೇಸುವಿನ ಮಾತುಗಳ ಒಂದು ಹಾಳೆ ಸಿಕ್ಕಿದ್ದು, ಅದು ತೋಮನ ಸುವಾರ್ತೆ ಅಂತ ಆಮೇಲೆ ಗೊತ್ತಾಯ್ತು. ಮರಿಯಳ ಸುವಾರ್ತೆಯ ಮೂರನೇ ಶತಮಾನದ ಗ್ರೀಕ್ ಚೂರೂ ಅಲ್ಲಿಂದಲೇ ಬಂತು. ನಮ್ಮ ಮಾತು ಇದೆ ಅಂತ ನಾವು ಆಸೆಯಿಂದ ನೋಡೋ ಹಾಳೆ, ಮಗ್ದಲದ ಮರಿಯಳ ಹಾಳೆ, ತೆರಿಗೆ ಲೆಕ್ಕ, ಮದುವೆ ಕರೆಯೋಲೆ, ಎಲ್ಲ ಒಂದೇ ಕಸದ ರಾಶೀಲಿ. ಓದಿದ್ದನ್ನ ನಂಬರ್ ಹಾಕಿ, ಅಚ್ಚು ಮಾಡಿ, ಫೋಟೋ ಸಮೇತ ಹೊರಗಿಟ್ಟಿದಾರೆ. ಕನ್ನಡ ಹೌದೋ ಅಲ್ವೋ ಅಂತ ಯಾರು ಬೇಕಾದ್ರೂ ಅಕ್ಷರ ನೋಡಿ ವಾದ ಮಾಡಬಹುದು, ನೂರು ವರ್ಷಕ್ಕೂ ಮೇಲಿಂದ ಮಾಡ್ತಾನೇ ಇದಾರೆ. ಪ್ಲಾಂತಾರ್ ಕಾಗದಗಳ ಜೊತೆ ಇದನ್ನ ಇಟ್ಟು ನೋಡಿ.

ಪ್ರಶ್ನೆಗಳು. ಒಬ್ರು ಅಕ್ಕ ಕೇಳಿದ್ರು, ಸರ್ ಸುತ್ತಿ ಬಳಸಿ ಬೇಡ, ಯೇಸುವಿಗೆ ಮದುವೆ ಆಗಿತ್ತಾ ಇಲ್ವಾ? ನನ್ನ ಉತ್ತರ, ಆಗಿರ್ಲಿಲ್ಲ ಅಂತಲೇ ನನಗನ್ಸೋದು, ಅದಕ್ಕೆ ಕಾರಣ ಪೌಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ, ಪ್ರಯಾಣದಲ್ಲಿ ಹೆಂಡತಿಯನ್ನ ಜೊತೆಗೆ ಕರ್ಕೊಂಡು ಹೋಗೋ ಹಕ್ಕು ನಮಗಿಲ್ವಾ, ಉಳಿದ ಅಪೊಸ್ತಲರು, ಕರ್ತನ ತಮ್ಮಂದಿರು, ಕೇಫ ಅಂದ್ರೆ ಪೇತ್ರ, ಎಲ್ಲ ಹಾಗೆ ಮಾಡ್ತಾರಲ್ಲ ಅಂತ ವಾದ ಮಾಡ್ತಾರೆ. ಯೇಸುವಿಗೇ ಹೆಂಡತಿ ಇದ್ದಿದ್ರೆ ಅದಕ್ಕಿಂತ ಗಟ್ಟಿ ಉದಾಹರಣೆ ಬೇಕಿರ್ಲಿಲ್ಲ, ಹೇಳಿಬಿಡ್ತಿದ್ರು. ಇದು ಶಿಲುಬೆಯಾಗಿ 25 ವರ್ಷದೊಳಗೆ ಬರೆದದ್ದು, ಮುಚ್ಚಿಡೋ ಚರ್ಚೇ ಆಗಿನ್ನೂ ಹುಟ್ಟಿರ್ಲಿಲ್ಲ. ಜೊತೆಗೆ ನೋಡಿ, ತಮ್ಮಂದಿರ ಹೆಂಡತಿಯರ ಸುದ್ದಿ ಹೀಗೆ ಮಾತಿನ ಮಧ್ಯೆ ಸಲೀಸಾಗಿ ಬಂದಿದೆ. ಅದರಲ್ಲಿ ನಾಚಿಕೆ ಪಡೋದು ಏನೂ ಅವರಿಗೆ ಕಂಡಿರ್ಲಿಲ್ಲ.

ಇನ್ನೊಬ್ಬ ಹುಡುಗ, ಹಾಗಾದ್ರೆ ಚರ್ಚು ಏನನ್ನೂ ಮುಚ್ಚಿಟ್ಟಿಲ್ಲ ಅಂತೀರಾ ಅಂದ. ಹಾಗಂದಿಲ್ಲಪ್ಪ. ಅಥನಾಸಿಯಸ್ ಪತ್ರ ಬೇರೆ ಪುಸ್ತಕ ಓದಬೇಡಿ ಅಂತಲೇ ಹೇಳಿತ್ತು, ನಕಲು ಮಾಡೋರಿಲ್ಲದೆ ಎಷ್ಟೋ ಹೊತ್ತಗೆ ನಾಶ ಆದ್ವು, ಮರಿಯಳಿಗೆ ಆದದ್ದನ್ನ ಈಗ್ಲೇ ಹೇಳಿದೆ, ಯಾಕೋಬರ ಕಡೆಯವರನ್ನ ಹೊರಗೆ ಹಾಕಿದ್ರು. ಇವೆಲ್ಲ ಹಗಲು ಹೊತ್ತಿನಲ್ಲಿ, ಹೆಸರು ಹಾಕಿ, ಪ್ರವಚನ ಮಾಡಿ ನಡೆದದ್ದು, ಅದಕ್ಕೇ ಅದರ ಜವಾಬ್ದಾರಿ ಯಾರದು ಅಂತ ಕೇಳೋಕಾಗುತ್ತೆ. ಗುಪ್ತ ಸಂಘದ ಕತೆ ಹಿಡಿದ್ರೆ ಆ ಪ್ರಶ್ನೆಯೇ ತಪ್ಪಿಹೋಗುತ್ತೆ.

ಕೊನೇದಾಗಿ, ಇನ್ನು ಹೊಸದೇನಾದ್ರೂ ಸಿಗುತ್ತಾ ಅಂತ ಕೇಳಿದ್ರು. ಸಿಗ್ತಾನೇ ಇದೆ. ಆಕ್ಸಿರಿಂಕಸ್ಸಿನ ಚೂರುಗಳು ಲಕ್ಷಗಟ್ಟಲೆ ಇವೆ, ಇನ್ನೂ ಓದಿ ಮುಗಿದಿಲ್ಲ. 2023ರಲ್ಲಿ 5575ನೇ ನಂಬರಿನದು ಪ್ರಕಟ ಆಯ್ತು, ಎರಡನೇ ಶತಮಾನದ್ದು ಅಂತ ಓದಿದವರು ಹೇಳ್ತಾರೆ, ಯೇಸುವಿನ ಮಾತುಗಳು. ಮತ್ತಾಯ, ಲೂಕರಲ್ಲಿರೋ ಸಾಲೂ ಇದೆ, ತೋಮನ ಸುವಾರ್ತೇಲಿ ಮಾತ್ರ ಇರೋ ಸಾಲೂ ಇದೆ, ಎರಡೂ ಒಂದೇ ಹಾಳೇಲಿ ಅಕ್ಕಪಕ್ಕ. ಅಂದ್ರೆ ಇದು ಒಳಗಿನದು ಅದು ಹೊರಗಿನದು ಅನ್ನೋ ಗೆರೆ ಆ ಹಾಳೆ ಬರೆದವನಿಗೆ ಇನ್ನೂ ಇರ್ಲಿಲ್ಲ. ಇಂಟರ್‌ನೆಟ್ಟಲ್ಲಿ ಅದರ ಫೋಟೋ ಸಿಗುತ್ತೆ, ನೋಡಿ.